ಬೀಗವಿಲ್ಲದ ಯಜಮಾನ

ನಮ್ಮ ಮನೆಯಲ್ಲಿ ಒಂದು ಕಳ್ಳತನವಾಯಿತು. ಕಳ್ಳಿಗೆ ಹಿತ್ತಿಲ ಬಾಗಿಲು ತೆಗೆದವಳು ನಾನು, ಬಿಸಿಲಲ್ಲಿ ಬಂದಿದ್ದಾಳೆ ಅಂತ ಮಜ್ಜಿಗೆ ಕೊಟ್ಟವಳೂ ನಾನು. ಹೋದದ್ದು ಒಂದು ಹಾಳೆ. ಆ ಹಾಳೆಯನ್ನು ನಾನು ಕೈಯಿಂದ ಮುಟ್ಟಿದ್ದೇ ಇಲ್ಲ, ಯಾಕೆಂದರೆ ಅದು ಕಾಗದದ್ದಲ್ಲ, ಕಂಪ್ಯೂಟರಿನ ಒಳಗೆ ಇದ್ದದ್ದು. ಒಳಗೆ ಅಂದರೆ ಎಲ್ಲಿ ಅಂತ ಕೇಳಬೇಡಿ. ಹಿಂದಿನ ಮುಚ್ಚಳ ಬಿಚ್ಚಿಸಿ ನೋಡಿದ್ದೇನೆ. ಧೂಳು ಇತ್ತು, ಒಂದು ಹಲ್ಲಿ ಮೊಟ್ಟೆ ಇತ್ತು. ಹಾಳೆ ಇರಲಿಲ್ಲ.

ಕಳ್ಳತನ ಅನ್ನುವುದು ಸರಿಯೋ ತಪ್ಪೋ, ಅದೂ ನನಗೆ ಇವತ್ತಿಗೂ ಗೊಂದಲವೇ. ಗೊಂದಲವನ್ನೇ ಬರೆಯಿರಿ ಅತ್ತೆ ಅಂದಳು ನನ್ನ ಸೊಸೆ ಭಾಗ್ಯ. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಮಧ್ಯಾಹ್ನದ ಹೆಂಗಸರ ಪಾಠದಲ್ಲಿ. ನನ್ನ ಬರವಣಿಗೆ ಬೆರಣಿ ತಟ್ಟಿದ ಹಾಗೆ ಇರುತ್ತದೆ, ಒಂದೊಂದು ಅಕ್ಷರಕ್ಕೂ ಒಂದೊಂದು ಗೋಡೆ ಬೇಕು. ನಾನು ಪೆನ್ಸಿಲಿನಲ್ಲಿ ಬರೆದದ್ದನ್ನು ಸೊಸೆ ತಿದ್ದಿ ಅದೇ ಕಂಪ್ಯೂಟರಿನಲ್ಲಿ ಹೊಡೆಯುತ್ತಾಳೆ. ಆದ್ದರಿಂದ ಇಲ್ಲಿ ಒಂದು ಮಾತು ಮಾತ್ರ ಬರೆಯುವ ಹಾಗಿಲ್ಲ. ಅದು ಯಾವುದು ಅಂತ ಮುಂದೆ ತಿಳಿಯುತ್ತದೆ.

ನನಗೊಂದು ಕಸುಬು ಇದೆ. ಹೆಣ್ಣು ಗಂಡು ಜೋಡಿಸುವುದು. ಹುಟ್ಟಿದ್ದು ಹೆಮ್ಮರಗಾಲ, ಸೇರಿದ್ದು ಹದಿನಾರು ಅನ್ನುವ ಈ ಊರು, ತಂಗಿಯನ್ನು ಕೊಟ್ಟದ್ದು ಸೋಸಲೆ. ಹಾಗಾಗಿ ನಂಜನಗೂಡು ತಾಲ್ಲೂಕಿನ ಹೆಣ್ಣುಗಳೂ ನರಸೀಪುರ ತಾಲ್ಲೂಕಿನ ಗಂಡುಗಳೂ ನನಗೆ ಬಾಯಿಪಾಠ. ಯಾವ ಮನೆಯಲ್ಲಿ ಅತ್ತೆಯ ನಾಲಿಗೆ ಉದ್ದ, ಯಾವ ಹುಡುಗ ಸಂಜೆಯಾದರೆ ನೆಟ್ಟಗೆ ನಡೆಯುವುದಿಲ್ಲ, ಯಾವ ಹೆಣ್ಣಿಗೆ ಮೊದಲೊಂದು ಮಾತುಕತೆ ಮುರಿದಿದೆ, ಎಲ್ಲವೂ ತಲೆಯಲ್ಲಿತ್ತು. ಮದುವೆಯಾದರೆ ಒಂದು ಸೀರೆ, ಎರಡು ಹೊತ್ತಿನ ಊಟ. ಆಗದಿದ್ದರೆ ಒಂದು ಬೈಗುಳ. ನನ್ನ ತಲೆಗೆ ಬೀಗ ಇರಲಿಲ್ಲ, ನಿಜ. ಆದರೆ ನಾನು ಬಾಯಿ ತೆರೆಯದೆ ಅಲ್ಲಿಂದ ಏನೂ ಹೊರಗೆ ಬರುತ್ತಿರಲಿಲ್ಲ.

ವಯಸ್ಸಾಯಿತು. ಮೂರು ವರ್ಷದ ಹಿಂದೆ ಒಂದು ಗಂಡಿನ ಮನೆಯವರ ಮುಂದೆ ಒಂದು ಹೆಣ್ಣನ್ನು ಬಹಳ ಹೊಗಳಿದೆ. ಅಡುಗೆ ಹೀಗೆ, ಗುಣ ಹಾಗೆ, ತಲೆಗೂದಲು ಮೊಣಕಾಲಿಗೆ ಬರುತ್ತದೆ ಅಂತೆಲ್ಲ. ಅವರು ಹೋಗಿ ನೋಡಿದರೆ ಆಕೆ ಎರಡನೆಯ ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದಳಂತೆ. ಆ ಮದುವೆ ಮಾಡಿಸಿದವಳೂ ನಾನೇ. ಅವತ್ತು ಭಾಗ್ಯ ಅಂದಳು, "ಅತ್ತೆ, ಇನ್ಮೇಲೆ ನಿಮ್ ತಲೆ ಸಾಕು. ಕಂಪ್ಯೂಟರ್‌ಗೆ ಆಕುಮ."

ನರಸೀಪುರದ ಒಂದು ಅಂಗಡಿಯಿಂದ ಹಳೆಯ ಕಂಪ್ಯೂಟರ್ ತಂದೆವು. ಆಯುಧಪೂಜೆಗೆ ಕುಡುಗೋಲಿನ ಪಕ್ಕ ಅದನ್ನೂ ಇಟ್ಟು ಕುಂಕುಮ ಹಚ್ಚಿದೆವು. ಹೆಣ್ಣುಗಳ ತಾಯಂದಿರು ಬಂದು ಫೋಟೋ ಕೊಟ್ಟರು, ಹೆಸರು, ಎತ್ತರ, ಓದು, ಫೋನ್ ನಂಬರು ಹೇಳಿದರು. ಭಾಗ್ಯ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಮಾಡಿದಳು. ನಲವತ್ತು ಚಿಲ್ಲರೆ ಹಾಳೆಗಳಾದವು. ಹೆಣ್ಣುಮಕ್ಕಳ ವಿಷಯ, ಹುಡುಗಾಟವಲ್ಲ ಅಂತ ಭಾಗ್ಯ ಪಾಸ್‌ವರ್ಡ್ ಇಟ್ಟಳು. ಅದನ್ನು ಒತ್ತುವಾಗೆಲ್ಲ ನನಗೆ "ಅತ್ತೆ, ಆ ಕಡೆ ತಿರುಗಿ" ಅನ್ನುತ್ತಿದ್ದಳು. ನನಗೆ ಇಂಗ್ಲಿಷ್ ಅಕ್ಷರ ಬಾರದು, ಪರದೆಯ ಮೇಲೆ ಕಾಣುವುದೂ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ ಮಾತ್ರ. ಆದರೂ ತಿರುಗುತ್ತಿದ್ದೆ. ಹೊಸ ಸೊಸೆ ಸೀರೆ ಬದಲಾಯಿಸುವಾಗ ತಿರುಗುವುದಿಲ್ಲವೇ, ಹಾಗೆ.

ಕಂಪ್ಯೂಟರ್ ಕೊಡುವಾಗ ಅಂಗಡಿಯಾತ ಇನ್ನೊಂದು ಮಾತು ಹೇಳಿದ್ದ. ಇದರಲ್ಲಿ ನಿಮ್ಮ ಹೆಸರಲ್ಲದೆ ಇನ್ನೊಂದು ಹೆಸರು ಇರುತ್ತದೆ, ಅಡ್ಮಿನಿಸ್ಟ್ರೇಟರ್ ಅಂತ. ಅದು ಏನಪ್ಪ ಅಂತ ಕೇಳಿದೆ. "ಯಜಮಾನ ಅಂತ ಇಟ್ಕೊಳಿ ಅಜ್ಜಿ. ಈ ಕಂಪ್ಯೂಟ್ರಿಗೆ ದೊಡ್ಡೋನು. ಏನ್ ಬೇಕಾದ್ರೂ ಮಾಡ್ಬೋದು, ಯಾರದ್ ಬೇಕಾದ್ರೂ ನೋಡ್ಬೋದು. ಅವ್ನ್ ತಂಟೆಗೆ ಓಗ್ಬೇಡಿ" ಅಂದ. ನಾವು ಹೋಗಲಿಲ್ಲ.

ಯಜಮಾನರ ತಂಟೆಗೆ ಹೋಗದಿರುವುದು ನಮಗೆ ಯಾರೂ ಕಲಿಸಬೇಕಾದ ವಿಷಯವಲ್ಲ. ನಮ್ಮ ಪಡಸಾಲೆಯಲ್ಲಿ ಕಂಬಕ್ಕೆ ಒರಗಿಸಿದ ಒಂದು ಮರದ ಕುರ್ಚಿ ಇದೆ. ನಮ್ಮೆಜಮಾನರು ಕೂರುತ್ತಿದ್ದದ್ದು. ಅವರು ಹೋಗಿ ಎಂಟು ವರ್ಷವಾಯಿತು, ಅದರಲ್ಲಿ ಯಾರೂ ಕೂರುವುದಿಲ್ಲ. ಮಗನೂ ಕೂರುವುದಿಲ್ಲ, ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಾನೆ. ಬಂದ ನೆಂಟರಿಗೆ ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿಯನ್ನು ಒರೆಸುತ್ತೇವೆ, ಹಬ್ಬಕ್ಕೆ ಒಂದು ಹೂವು ಇಡುತ್ತೇವೆ, ಅಷ್ಟೇ. ಬೆಕ್ಕೊಂದು ಮಾತ್ರ ದಿನಾ ಹತ್ತಿ ಮಲಗುತ್ತದೆ. ಗೌರವಕ್ಕೆ ಬಿಟ್ಟ ಜಾಗ ಅಂತ ಅದಕ್ಕೆ ಹೇಳಿದವರಿಲ್ಲ. ಕಂಪ್ಯೂಟರಿನ ಯಜಮಾನನನ್ನೂ ನಾವು ಹಾಗೆಯೇ ಬಿಟ್ಟೆವು. ಮನೆಯಲ್ಲಿ ಯಜಮಾನರು ಇಲ್ಲ, ಇದರಲ್ಲೂ ಆ ಜಾಗ ಖಾಲಿ ಇರಲಿ, ಲಕ್ಷಣವಾಗಿರುತ್ತದೆ ಅಂದುಕೊಂಡೆ. ಭಾಗ್ಯ ತನ್ನ ಬಾಗಿಲಿಗೆ ಬೀಗ ಜಡಿದು ನೆಮ್ಮದಿಯಾಗಿದ್ದಳು.

ಒಂದು ಗುರುವಾರ ಸೋಸಲೆಯಿಂದ ನನ್ನ ತಂಗಿ ಫೋನ್ ಮಾಡಿದಳು. ಅವರ ಬೀದಿಯ ಒಂದು ಗಂಡಿನ ಮನೆಯವರಿಗೆ ನಮ್ಮೂರ ರಮ್ಯ ಬೇಕಂತೆ, ತಾಯಿಯ ಹತ್ತಿರ ಮೊದಲೇ ಮಾತಾಗಿದೆಯಂತೆ, ಅವಳ ಹಾಳೆ ಕಳಿಸಬೇಕಂತೆ. ರಮ್ಯ ನಮ್ಮ ಹಿಂದಿನ ಬೀದಿಯ ಜಯಮ್ಮನ ಮಗಳು. ದಿನಾ ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿ ಕಂಪ್ಯೂಟರ್ ಓದುತ್ತಾಳೆ. ಭಾಗ್ಯ ತೆಗೆದು ನೋಡಿದರೆ ಎಲ್ಲರ ಹಾಳೆಯೂ ಇದೆ, ರಮ್ಯಳದೊಂದು ಇಲ್ಲ. ಫೋಟೋವೂ ಇಲ್ಲ. ಬಾಳೆಗೊನೆಯಿಂದ ಒಂದೇ ಹಣ್ಣನ್ನು ಜಾಣತನದಿಂದ ಕಿತ್ತುಕೊಂಡ ಹಾಗೆ.

ಜಯಮ್ಮನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು. ಸೆರಗು ಸಿಕ್ಕಿಸಿಕೊಂಡೇ ಬಂದಳು.

"ನಲ್ವತ್ ವರ್ಸದಿಂದ ಸಂಬಂಧ ಮಾಡ್ತೀನಿ ಅಂತೀಯಲ್ಲ ತಾಯಕ್ಕ, ನನ್ ಮಗ್ಳದೊಂದು ಆಳೆ ಕಾಯಕ್ಕಾಗ್ನಿಲ್ವಾ ನಿಂಗೆ?"

"ಕಾದಿದ್ದೆ ಕಣೇ. ಎಂಗೋಯ್ತು ಅಂತ ನಂಗೂ ಗೊತ್ತಿಲ್ಲ."

"ನಂಗೊತ್ತು ಬುಡು. ಬೀಗ ನಿನ್ ಸೊಸೆ ಕೈಲದೆ. ಅವ್ಳ ಅಕ್ಕನ್ ಮಗ್ಳು ಮದ್ವೆಗವ್ಳೆ. ಒಳ್ಳೆ ಗಂಡು ಅಂತ ಅತ್ಲಾಗಿ ತಿರುಗ್ಸಕ್ಕೆ ನೋಡವ್ಳೆ."

ಭಾಗ್ಯ ಒಲೆಯ ಮುಂದೆ ನಿಂತೇ ಅತ್ತಳು. ನಂಜುಂಡೇಶ್ವರನ ಮೇಲೆ ಆಣೆ ಮಾಡಿದಳು. ಅಳು ನಿಲ್ಲಿಸು, ದೇವರನ್ನು ಸಾಕ್ಷಿಗೆ ಕರೆದರೆ ಹಾಳೆ ಬರುವುದಿಲ್ಲ ಅಂದೆ. ಹೋಗಲಿ, ಇನ್ನೊಂದು ಬರೆದು ಕಳಿಸು ಅಂದಳು ಜಯಮ್ಮ. ಯಾರು ಅಳಿಸಿದರು ಅಂತ ತಿಳಿಯದೆ ನಾನು ಇನ್ನೊಂದು ಬರೆಯಿಸುವುದಿಲ್ಲ ಅಂದೆ. ಹಾಗಾದರೆ ಭಾನುವಾರದ ತನಕ ನೋಡುತ್ತೇನೆ, ಆಮೇಲೆ ಊರಿನವರ ಮುಂದೆ ನಿನ್ನ ಸೊಸೆಯನ್ನೇ ಕೇಳುತ್ತೇನೆ ಅಂತ ಜಯಮ್ಮ ಹೋದಳು. ನನಗೆ ಕೋಪ ಬರಲಿಲ್ಲ, ತಲೆ ತಿರುಗಿತು. ಬೀಗ ಇದೆ, ಬೀಗ ಮುರಿದಿಲ್ಲ, ಬೀಗದ ಕೈ ಇದ್ದವಳು ತೆಗೆದಿಲ್ಲ, ಒಳಗಿನದು ಹೋಗಿದೆ. ಇದು ಯಾವ ಲೆಕ್ಕ?

ಅಂಗಡಿಯಾತನಿಗೆ ಫೋನ್ ಮಾಡಿಸಿದೆ. ಭಾಗ್ಯ ಅದನ್ನು ಗಟ್ಟಿಯಾಗಿ ಕೇಳುವ ಹಾಗೆ ಇಟ್ಟಳು.

"ಅಡ್ಮಿನಿಸ್ಟ್ರೇಟರ್‌ಗೆ ಪಾಸ್‌ವರ್ಡ್ ಇಟ್ಟಿದೀರಾ?" ಅಂದ.

"ಇಲ್ಲ ಸಾ" ಅಂದಳು ಭಾಗ್ಯ.

"ಅಯ್ಯೋ ಇನ್ನೇನು ಮತ್ತೆ! ಆನ್ ಆಗೋವಾಗ ಒಂದು ಗುಂಡಿ ಒತ್ತಿದ್ರೆ ಅವ್ನ ಹೆಸ್ರು ಬತ್ತದೆ. ಪಾಸ್‌ವರ್ಡ್ ಜಾಗ ಖಾಲಿ. ಖಾಲಿ ಬುಟ್ಟು ಎಂಟರ್ ಒಡುದ್ರೆ ಒಳಕ್ಕೆ. ನಿಮ್ ಪಾಸ್‌ವರ್ಡ್ ಇದ್ದು ಏನ್ ಬಂತು?"

"ನೀವೇ ತಂಟೆಗೆ ಓಗ್ಬೇಡಿ ಅಂದ್ರಲ್ಲ ಸಾ!"

"ತಂಟೆಗೆ ಓಗ್ಬೇಡಿ ಅಂದೆ ಕಣಮ್ಮ. ಬಾಗ್ಲು ತೆಗ್ದು ಮಡಗಿ ಅಂದ್ನಾ?"

ಅವನು ಮೊದಲೇ ಹೇಳಬೇಕಿತ್ತು ಅಂತ ನಾನು ಈಗಲೂ ಅನ್ನುತ್ತೇನೆ. ಆದರೆ ಆ ಹೊತ್ತಿಗೆ ನನ್ನನ್ನು ಹಿಡಿದುಕೊಂಡದ್ದು ಬೇರೆ ಮಾತು. ಏನೂ ಇಲ್ಲದಿರುವುದೇ ಬೀಗದ ಕೈ ಆಗುವುದು ಹೇಗೆ? ಬಾಗಿಲಿಗೆ ಬೀಗ ಇಲ್ಲದಿದ್ದರೆ ಇಲ್ಲ ಅನ್ನಿ, ಒಪ್ಪುತ್ತೇನೆ. ಇಲ್ಲಿ ಬೀಗ ಇದೆಯಂತೆ, ಅದು ಬೀಗದ ಕೈ ಎಲ್ಲಿ ಅಂತ ಕೇಳುತ್ತದಂತೆ, ಬರಿಗೈ ತೋರಿಸಿದರೆ ಸರಿ ಒಳಗೆ ಬಾ ಅನ್ನುತ್ತದಂತೆ. ಇಂಥ ಕಾವಲುಗಾರನನ್ನು ಒಂದು ದಿನವೂ ಹೊಲಕ್ಕೆ ಇಟ್ಟುಕೊಳ್ಳಲಾರೆ.

ನನ್ನ ತಾಯಿಯ ಮನೆಯಲ್ಲಿ ಹಗೇವು ಇತ್ತು. ಈಗಿನವರು ಕಂಡಿರಲಾರರು. ಮನೆ ಮುಂದೆ ನೆಲದೊಳಗೆ ಗಡಿಗೆಯ ಹಾಗೆ ಆಳವಾಗಿ ತೋಡಿದ ಗುಂಡಿ, ಅದರ ತುಂಬ ರಾಗಿ, ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ಬೀಗವಿಲ್ಲ. ಯಾರ ಹಗೇವು ಎಲ್ಲಿ ಅಂತ ಊರಿಗೆಲ್ಲ ಗೊತ್ತು. ಆದರೂ ಯಾರೂ ತೆಗೆಯುತ್ತಿರಲಿಲ್ಲ. ಚಪ್ಪಡಿ ಎತ್ತಲು ಇಬ್ಬರು ಗಂಡಸರು ಬೇಕು, ಎತ್ತಿದ ಮೇಲೆ ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು, ಅಷ್ಟರಲ್ಲಿ ಬೀದಿಯೇ ಬಂದು ನಿಂತು "ಏನು, ರಾಗಿ ತೆಗಿತಿದೀರಾ" ಅಂತ ಕೇಳುತ್ತದೆ. ಆ ಕೇಳುವುದೇ ಬೀಗ. ಕಂಪ್ಯೂಟರಿನಲ್ಲಿ ಚಪ್ಪಡಿಯೂ ಇಲ್ಲ, ಕೆಟ್ಟ ಗಾಳಿಯೂ ಇಲ್ಲ, ಕೇಳುವ ಬೀದಿಯೂ ಇಲ್ಲ. ಬೆರಳು ಒತ್ತಿದ ಶಬ್ದ ಪಕ್ಕದ ಕೋಣೆಗೆ ಕೇಳುವುದಿಲ್ಲ.

ಇಷ್ಟು ಯೋಚಿಸುವಾಗ ನೆನಪಾಯಿತು. ಶಬ್ದ ಒಂದು ಕೇಳಿತ್ತು. ಮಂಗಳವಾರ ಮಧ್ಯಾಹ್ನ ನಾನು ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ, ಭಾಗ್ಯ ಹಾಲಿನ ಡೇರಿಗೆ ಹೋಗಿದ್ದಳು. ಕಾಲೇಜಿಗೆ ರಜೆ ಅಂತ ಮನೆಯಲ್ಲಿದ್ದ ರಮ್ಯ ಒಂದು ಲೋಟ ಹಿಡಿದು ಹೆಪ್ಪು ಕೇಳಲು ಬಂದಳು. ಹಾಲಿಗೆ ಬಿಡುವ ಹೆಪ್ಪನ್ನು ನಮ್ಮಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಬಿಸಿಲಾಗಿದೆ, ಒಳಗೆ ಫ್ಯಾನ್ ಕೆಳಗೆ ಕೂರು ಅಂತ ಮಜ್ಜಿಗೆ ಕೊಟ್ಟೆ. ಒಳಗೆ ಟಿಣಿಂಗ್ ಅಂತ ಆ ಕಂಪ್ಯೂಟರ್ ಏಳುವಾಗ ಮಾಡುವ ಶಬ್ದ ಆಯಿತು. ನಾನು ಅವರೆಕಾಯಲ್ಲಿದ್ದೆ.

ಮಾರನೆಯ ಸಂಜೆ ನಂಜನಗೂಡು ಬಸ್ಸು ಬರುವ ಹೊತ್ತಿಗೆ ಸ್ಟಾಪಿನಲ್ಲಿ ಹೋಗಿ ಕೂತೆ. ರಮ್ಯ ಇಳಿದಳು. ಪಕ್ಕ ಕೂರಿಸಿಕೊಂಡೆ.

"ಮಂಗ್ಳಾರ ಎಪ್ಪು ಈಸ್ಕೊಂಡೋದಲ್ಲ, ಮೊಸ್ರು ಸಂದಾಗಾಯ್ತಾ?"

"ಆಯ್ತಜ್ಜಿ."

"ನಿಮ್ಮನೆ ಅಸು ಬತ್ತಿ ತಿಂಗ್ಳಾಯ್ತು. ಪ್ಯಾಕೆಟ್ ಆಲ ನಿಮ್ಮವ್ವ ಒಸ್ಲು ದಾಟಕ್ಕೆ ಬಿಡಕಿಲ್ಲ. ಎಪ್ಪ ಯಾವುದುಕ್ಕೆ ಬುಟ್ಟೆ, ನೀರ್ಗಾ?"

ಹುಡುಗಿ ಮೊದಲು ನಕ್ಕಳು. ಆಮೇಲೆ ಬ್ಯಾಗು ತೊಡೆಯ ಮೇಲೆ ಒತ್ತಿಕೊಂಡು ನೆಲ ನೋಡಿದಳು.

"ನಾನೇ ಅಳ್ಸಿದ್ದು ಅಜ್ಜಿ. ಭಾಗ್ಯಕ್ಕನ್ನ ಅವ್ವ ಬೈತಾಳೆ ಅಂತ ಗೊತ್ತಿರ್ನಿಲ್ಲ. ನಾನೇ ಏಳ್ಬುಡ್ತೀನಿ."

"ಯಾಕೆ ಅಳ್ಸಿದೆ ಏಳು."

"ಓದು ಇನ್ನೊಂದ್ ವರ್ಸ ಐತೆ. ಆ ಗಂಡಿನೋರು ಈ ವರ್ಸಾನೆ ಮಾಡ್ಕೊಡಿ, ಓದು ಗೀದು ಬ್ಯಾಡ ಅಂತವ್ರೆ. ಅವ್ವ ಊಂ ಅಂದ್ಬುಟ್ಟವ್ಳೆ. ಆಳೆ ಅವ್ರ ಕೈಗೋದ್ರೆ ಮುಗೀತು." ತಲೆ ಎತ್ತಿ ಮತ್ತೆ ಅಂದಳು, "ನನ್ ಫೋಟೋ, ನನ್ ಎತ್ರ, ನನ್ ಫೋನ್ ನಂಬ್ರು. ಗೋದಿ ಬಣ್ಣ ಅಂತ ಬೇರೆ ಬರ್ದವ್ರೆ. ಎಲ್ಲಾ ನಂದು. ಯಾರಾದ್ರೂ ನನ್ನ ಕೇಳಿದ್ರಾ ಅಜ್ಜಿ? ನಂದ ನಾನ್ ತಗೊಂಡ್ರೆ ಕಳ್ತನವಾ?"

ನಲವತ್ತು ವರ್ಷದಲ್ಲಿ ನಾನು ಎಷ್ಟೋ ಹೆಣ್ಣುಗಳ ವಿಷಯ ಹೊತ್ತು ತಿರುಗಿದ್ದೇನೆ. ತಾಯಿಯನ್ನು ಕೇಳಿದ್ದೇನೆ, ತಂದೆಯನ್ನು ಕೇಳಿದ್ದೇನೆ, ಸೋದರಮಾವನನ್ನು ಕೇಳಿದ್ದೇನೆ, ದೇವರ ಮುಂದೆ ಹೂವು ಇಟ್ಟು ಬಲಕ್ಕೆ ಬೀಳುತ್ತದೋ ಎಡಕ್ಕೆ ಬೀಳುತ್ತದೋ ಅಂತ ಕೇಳಿಸಿದ್ದೇನೆ. ಹೆಣ್ಣನ್ನು ಕೇಳಿದ್ದು ನೆನಪಿಲ್ಲ. ನನ್ನನ್ನೂ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಅಂತ ಅಲ್ಲೇ ಯೋಚಿಸಿದೆ.

"ಇನ್ನೊಂದ್ ಮಾತಜ್ಜಿ" ಅಂದಳು ರಮ್ಯ. "ನಾನು ನಂದ ಮಾತ್ರ ಅಳ್ಸಿದೆ. ಆದ್ರೆ ಆ ಜಾಗದಲ್ಲಿ ಕೂತ್ರೆ ನಲ್ವತ್ ಹುಡ್ಗೀರ್ದೂ ಕಾಣ್ತದೆ. ನಂಗಿಂತ ಮುಂಚೆ ಯಾರಾದ್ರೂ ಕೂತಿದ್ರಾ ಅಂತ ನಿಮಗೊತ್ತಾ? ಅಳ್ಸಿದ್ರೆ ತಿಳೀತದೆ. ಕಾಪಿ ಮಾಡ್ಕೊಂಡೋದ್ರೆ ಏನೂ ತಿಳಿಯಲ್ಲ."

ಕೋಳಿ ಕದ್ದರೆ ಗೂಡು ಖಾಲಿಯಾಗುತ್ತದೆ. ಇಲ್ಲಿ ಕೋಳಿಯನ್ನು ಕದ್ದುಕೊಂಡು ಹೋದರೂ ಕೋಳಿ ಗೂಡಿನಲ್ಲೇ ಇರುತ್ತದಂತೆ, ಬೆಳಗ್ಗೆ ಎದ್ದು ನಮ್ಮ ಮನೆಯಲ್ಲೇ ಕೂಗುತ್ತದಂತೆ. ಮನೆಗೆ ನಡೆಯುತ್ತಾ ಬೆರಳು ಮಡಿಸಿ ಎಣಿಸಿದೆ. ಕೇಬಲ್ಲಿನವನು ಆ ಕೋಣೆಯಲ್ಲಿ ಕೂತಿದ್ದಾನೆ. ಫ್ಯಾನ್ ರಿಪೇರಿಯವನು ಕೂತಿದ್ದಾನೆ. ಮಗನ ಸ್ನೇಹಿತರು, ಗಂಡು ತೋರಿಸಲು ಬಂದ ದಲ್ಲಾಳಿ, ಹಸುವಿಗೆ ಸೂಜಿ ಹಾಕಲು ಬಂದವನು ಕೈ ತೊಳೆದು ಅಲ್ಲೇ ಕೂತಿದ್ದ. ಎಲ್ಲರಿಗೂ ಮಜ್ಜಿಗೆ ಕೊಟ್ಟು, ಫ್ಯಾನ್ ಹಾಕಿ ಬಂದವಳು ನಾನು. ಅವರೆಲ್ಲ ಒಳ್ಳೆಯವರೇ ಇರಬಹುದು. ಇರಬಹುದು ಅನ್ನುವುದರ ಮೇಲೆ ನಲವತ್ತು ಹೆಣ್ಣುಗಳನ್ನು ಕೂರಿಸಿದ್ದೆನಲ್ಲ ಅಂತ ಮೊದಲ ಬಾರಿಗೆ ಅನ್ನಿಸಿತು.

ಶನಿವಾರ ರಮ್ಯಳನ್ನೇ ಕರೆಸಿದೆ. ಯಜಮಾನನಿಗೆ ಬೀಗ ಹಾಕಬೇಕು, ಕೈ ಯಾರ ಹತ್ತಿರ ಇರಬೇಕು? ಭಾಗ್ಯ ಬೇಡ ಅಂದಳು, ಮೈಮೇಲೆ ಬಂದದ್ದು ಸಾಕು ಅಂತ. ಮಗ ದಿನವೆಲ್ಲ ಹೊಲದಲ್ಲಿರುತ್ತಾನೆ. "ನೀವೇ ಕೂತ್ಕೊಳಿ ಅಜ್ಜಿ" ಅಂದಳು ರಮ್ಯ. ಕೂತೆ. ಯಾರಿಗೂ ಹೊಳೆಯದ ಒಂದು ಮಾತು ಬೇಕು ಅಂದಳು.

ನನಗೆ ತಟ್ಟನೆ ಹೊಳೆಯಿತು. ನಮ್ಮೆಜಮಾನರ ಹೆಸರು! ಮದುವೆಯಾದ ದಿನದಿಂದ ಇವತ್ತಿನ ತನಕ ಆ ಹೆಸರನ್ನು ಬಾಯಲ್ಲಿ ಆಡಿಲ್ಲ. ಅದೇ ಹೆಸರಿನ ದೇವರನ್ನು ಕೂಡ ಸುತ್ತುಬಳಸಿ ಕರೆಯುತ್ತೇನೆ. ಇದಕ್ಕಿಂತ ಗುಟ್ಟಾದ ಮಾತು ಈ ತಾಲ್ಲೂಕಿನಲ್ಲಿ ಇಲ್ಲ ಅಂದುಕೊಂಡು ಬೀಗಿದೆ. ರಮ್ಯ ಮೆತ್ತಗೆ ಅಂದಳು, "ಅಜ್ಜಿ, ಅದು ನಿಮ್ ರೇಷನ್ ಕಾರ್ಡಲ್ಲೈತೆ, ಎಲೆಕ್ಷನ್ ಕಾರ್ಡಲ್ಲೈತೆ, ಗ್ಯಾಸ್ ಬುಕ್ಕಲ್ಲೈತೆ. ಮೊದಲು ಅದ್ನೇ ಒತ್ತಿ ನೋಡದು ಯಾರಾದ್ರೂ."

ನಾನು ಅಷ್ಟು ವರ್ಷ ಹಲ್ಲು ಕಚ್ಚಿ ಕಾಪಾಡಿದ್ದನ್ನು ಸರ್ಕಾರ ಸಿಕ್ಕಸಿಕ್ಕ ಕಾರ್ಡಿನ ಮೇಲೆ ಅಚ್ಚು ಹಾಕಿಸಿದೆ. ಒಂದು ಮಾತು ಕೇಳಿದರೆ ಏನಾಗುತ್ತಿತ್ತು.

ಕೊನೆಗೆ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಆ ಗುಂಡಿಗಳ ಮೇಲಿನ ಅಕ್ಷರ ನನಗೆ ಬಾರದು. ಆದರೆ ದೂರದಿಂದ ನೋಡಿದರೆ ಸಾಲುಸಾಲು ಚುಕ್ಕಿ ಇಟ್ಟ ಹಾಗಿದೆ. ಹೆಮ್ಮರಗಾಲದಲ್ಲಿ ನನ್ನವ್ವ ಹೇಳಿಕೊಟ್ಟ ಒಂದು ರಂಗೋಲಿ ನೆನಪಾಯಿತು. ಬೆರಳನ್ನು ಆ ಎಳೆಯ ದಾರಿಯಲ್ಲೇ ನಡೆಸಿದೆ. ಎರಡು ಸಲ ಕೇಳಿತು, ಎರಡು ಸಲವೂ ಅದೇ ದಾರಿ. ಒಪ್ಪಿಕೊಂಡಿತು. ಎಷ್ಟು ಚುಕ್ಕಿ, ಯಾವ ರಂಗೋಲಿ ಅಂತ ಇಲ್ಲಿ ಬರೆಯುವುದಿಲ್ಲ, ಹೊಡೆಯುವವಳು ಭಾಗ್ಯ. ಅವತ್ತಿನಿಂದ ಅದನ್ನು ಕೊಟ್ಟಿಗೆಯ ಮುಂದೆ ಹಾಕುವುದನ್ನೂ ನಿಲ್ಲಿಸಿದ್ದೇನೆ. ಹಸುಗಳು ಹೇಳುವುದಿಲ್ಲ, ಆದರೂ.

ಭಾನುವಾರ ಬೆಳಗ್ಗೆ ಜಯಮ್ಮ ಬಂದಳು. ಹಿಂದೆ ರಮ್ಯ, ಒಪ್ಪಿಕೊಳ್ಳಲು ತಯಾರಾಗಿ.

"ಯಾರು ಅಳ್ಸಿದ್ದು ಗೊತ್ತಾಯ್ತಾ ತಾಯಕ್ಕ?"

"ಯಜಮಾನ್ರ ಜಾಗದಿಂದ ಅಳ್ಸವ್ರೆ. ಭಾಗ್ಯ ಅಲ್ಲ. ಆ ಜಾಗ ಈಗ ನಂದು. ಏನ್ ಕೇಳ್ಬೇಕಾದ್ರೂ ನನ್ನ ಕೇಳು."

"ನೀನಾ! ಯಾಕೆ?"

"ನಿನ್ ಮಗ್ಳ ಕೇಳ್ದೆ ಬರ್ದಿದ್ದೆ. ಅದು ನನ್ ತಪ್ಪು. ಇಲ್ಲೇ ನಿಂತವ್ಳಲ್ಲ, ಕೇಳು. ಆಳೆ ಆಕಿ ಅಂತ ಅವ್ಳಂದ್ರೆ ಈಗ್ಲೇ ಆಕಿಸ್ತೀನಿ."

ಜಯಮ್ಮ ತಿರುಗಿ ಮಗಳನ್ನು ನೋಡಿದಳು. ರಮ್ಯ "ಓದು ಮುಗೀಲಿ ಅವ್ವ" ಅಂದಳು, ಅಷ್ಟೇ. ಮೂರು ಮಾತು. ಜಯಮ್ಮ ನನಗೆ ನಲವತ್ತು ಮಾತು ಅಂದಳು, ಮುಖ ತಿರುಗಿಸಿಕೊಂಡು ಹೋದಳು, ತಿಂಗಳು ಪೂರ್ತಿ ಬೀದಿಯ ಆ ಬದಿಯಲ್ಲಿ ನಡೆದಳು. ಸೋಸಲೆಯವರು ಬೇರೆ ಹೆಣ್ಣು ನೋಡಿಕೊಂಡರು. ಹಸು ಕರು ಹಾಕಿದ ಮೇಲೆ ಜಯಮ್ಮ ಒಂದು ಬೆಳಗ್ಗೆ ಲೋಟ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, ಹೆಪ್ಪು ಕೇಳಿದಳು. ಕೊಟ್ಟೆ. ರಮ್ಯ ಪರೀಕ್ಷೆಗೆ ಓದುತ್ತಿದ್ದಾಳಂತೆ.

ಉಳಿದ ಹೆಣ್ಣುಗಳನ್ನು ಈಗ ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದೇನೆ, ನಿನ್ನ ಹಾಳೆ ಇರಲೋ ಬೇಡವೋ ಅಂತ. ಅವರೂ ನನ್ನಷ್ಟೇ ಗೊಂದಲಕ್ಕೆ ಬೀಳುತ್ತಾರೆ. ಕೆಲವರು ಅವ್ವನನ್ನು ಕೇಳಿ ಹೇಳುತ್ತೇನೆ ಅನ್ನುತ್ತಾರೆ. ಒಬ್ಬಳು ಇರಲಿ, ಆದರೆ ಫೋಟೋ ಬದಲಾಯಿಸಿ ಅಂದಳು. ಖಾಲಿ ಅನ್ನುವುದು ಬೀಗದ ಕೈ ಹೇಗೆ ಆಗುತ್ತದೆ ಅಂತ ಮಾತ್ರ ನನಗೆ ಇನ್ನೂ ತಿಳಿದಿಲ್ಲ. ಇನ್ನು ತಿಳಿಯುವುದೂ ಇಲ್ಲ.

ಮೊನ್ನೆ ಮಧ್ಯಾಹ್ನ ಅವರೆಕಾಯಿ ಮೊರ ಹಿಡಿದು ಬಂದೆ. ಪಡಸಾಲೆಯ ಕುರ್ಚಿಯಲ್ಲಿ ಬೆಕ್ಕು ಮಲಗಿತ್ತು. ಎಂಟು ವರ್ಷದಲ್ಲಿ ಮೊದಲ ಸಲ ಅದನ್ನು ಎತ್ತಿ ನೆಲಕ್ಕೆ ಬಿಟ್ಟು ನಾನು ಕೂತೆ. ಅದು ಬಾಲ ನೆಟ್ಟಗೆ ಮಾಡಿ, ಇವಳು ಯಾರು ಇಲ್ಲಿ ಕೂರಲು ಅನ್ನುವ ಹಾಗೆ ನೋಡಿತು. ನಾನೂ ನೋಡಿದೆ. ಆಮೇಲೆ ಅವರೆಕಾಯಿ ಬಿಡಿಸಿದೆ.